ಶಿಲೀಂಧ್ರಕ್ಕೂ ಕಾಯಿಲೆ ಬರುತ್ತದೆ

ಕೇಳುಗರಿಗೆಲ್ಲ ನಮಸ್ಕಾರ. ಜಡಿಮಳೆ ಹಿಡಿದಾಗ ಕಾಫಿ, ಕೋಕೋ ಗಿಡಗಳ ಕೊಂಬೆಗೆ ತಿಳಿಗುಲಾಬಿ ಪದರ ಕಟ್ಟುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ತೋಟ ಇರುವವರು ನೋಡಿರುತ್ತೀರಿ. ಆಮೇಲೆ ತೊಗಟೆ ಸೀಳುತ್ತದೆ, ಅಲ್ಲಿಂದ ಮೇಲಿನ ಕೊಂಬೆ ಒಣಗುತ್ತದೆ. ಇದೇ ಗುಲಾಬಿ ರೋಗ, ಒಂದು ಶಿಲೀಂಧ್ರದ ಕೆಲಸ. ಕಡಿದು ಸುಟ್ಟು, ಗಾಯಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ಪೇಸ್ಟ್ ಹಚ್ಚುತ್ತೀರಿ, ಅಲ್ವಾ?

ಹೀಗೆ ತೊಗಟೆಗೆ ಹುಣ್ಣು ಮಾಡುವ ಶಿಲೀಂಧ್ರಗಳಲ್ಲಿ ಮಹಾ ಕೆಟ್ಟದ್ದು ಚೆಸ್ಟ್‌ನಟ್ ಮರದ್ದು. ಏಷ್ಯಾದಿಂದ ಹೋದ ಅದು 1904ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಮರಗಳಲ್ಲಿ ಕಾಣಿಸಿತು. ಐವತ್ತು ವರ್ಷ ಆಗುವಷ್ಟರಲ್ಲಿ ಅಮೆರಿಕದಲ್ಲಿ 300 ಕೋಟಿಗೂ ಜಾಸ್ತಿ ಮರ ಹೋದವು ಎಂದು ಅಂದಾಜು.

ಯುರೋಪಿಗೂ ರೋಗ ಬಂತು. ಆದರೆ 1950ರ ದಶಕದಲ್ಲಿ ಇಟಲಿಯ ಕೆಲವು ಮರಗಳ ಹುಣ್ಣು ತಾನಾಗಿ ಮಾಯತೊಡಗಿತು. ಕಾರಣ ಗೊತ್ತಾದದ್ದು ಮುಂದೆ: ಶಿಲೀಂಧ್ರಕ್ಕೇ ಒಂದು ವೈರಸ್ ತಗುಲಿ, ಅದರ ಸೊಕ್ಕು ಇಳಿದಿತ್ತು! ಹಾಗಾದರೆ ಆ ವೈರಸ್ಸನ್ನೇ ಅಮೆರಿಕದ ಮರಗಳಿಗೆ ಬಿಟ್ಟರಾಯಿತಲ್ಲ? ಬಿಟ್ಟು ನೋಡಿದರು, ಸರಿಯಾಗಿ ಹರಡಲಿಲ್ಲ. ಎರಡು ಶಿಲೀಂಧ್ರದ ಎಳೆಗಳು ಒಂದಕ್ಕೊಂದು ಬೆಸೆದುಕೊಂಡರೆ ಮಾತ್ರ ವೈರಸ್ ಸಲೀಸಾಗಿ ದಾಟುತ್ತದೆ. ಇವು ತಮ್ಮ ಪಂಗಡದವರ ಜೊತೆ ಬಿಟ್ಟು ಬೇರೆಯವರ ಜೊತೆ ಬೆಸೆಯುವುದಿಲ್ಲ. ಪಕ್ಕಾ ಪಂಕ್ತಿಭೇದ! ಅಮೆರಿಕದಲ್ಲಿ ಪಂಗಡಗಳು ತುಂಬ ಜಾಸ್ತಿ.

ಶಿಲೀಂಧ್ರದ ಜೀನೋಮ್, ಅಂದರೆ ಅದರ ಇಡೀ ಡಿಎನ್ಎ, ಓದಿದ್ದು ಉಪಯೋಗಕ್ಕೆ ಬಂದದ್ದು ಇಲ್ಲೇ. ಈ ಶಿಲೀಂಧ್ರದ ಡಿಎನ್ಎ ಸುಮಾರು 4.4 ಕೋಟಿ ಅಕ್ಷರದ್ದು, ಜೀನುಗಳು 11 ಸಾವಿರಕ್ಕೂ ಜಾಸ್ತಿ. ಸುಮ್ನೆ ಓದಿದ ಮಾತ್ರಕ್ಕೆ ಒಂದು ಮರವೂ ಉಳಿಯುವುದಿಲ್ಲ, ನಿಜ. ಆದರೆ ಪಂಗಡ ಯಾವುದೆಂದು ತೀರ್ಮಾನಿಸುವ ಜೀನುಗಳು ಅದರೊಳಗೆ ಸಿಕ್ಕಿದವು. ಅವುಗಳಲ್ಲಿ ಕೆಲವನ್ನು ಕೆಲಸ ಮಾಡದಂತೆ ಮಾಡಿ, ಬೇರೆ ಪಂಗಡಗಳಿಗೂ ವೈರಸ್ ದಾಟಿಸುವ ತಳಿಗಳನ್ನು ಅಮೆರಿಕದ ವಿಜ್ಞಾನಿಗಳು ಲ್ಯಾಬಿನಲ್ಲಿ ತಯಾರಿಸಿದರು. 2016ರಲ್ಲಿ ಅದನ್ನು ಪ್ರಕಟಿಸಿದರು.

ನಮ್ಮ ಗುಲಾಬಿ ರೋಗಕ್ಕೆ ಇಂಥ ವೈರಸ್ ಮದ್ದು ಇಲ್ಲ, ಬೋರ್ಡೋ ಪೇಸ್ಟೇ ಗತಿ. ಆದರೂ ಹುಣ್ಣು ಯಾರದ್ದು ಎಂದು ಗೊತ್ತಿರಬೇಕು. ಕೋಕೋ ಕಾಂಡದಿಂದ ಕೆಂಪು ರಸ ಸೋರಿಸುವ ಹುಣ್ಣು ಅಡಿಕೆಗೆ ಕೊಳೆರೋಗ ತರುವ ಜೀವಿಯ ನೆಂಟನದ್ದು. ಅದು ನಿಜವಾದ ಶಿಲೀಂಧ್ರವೇ ಅಲ್ಲ, ಹಾಗಾಗಿ ಕೆಲವು ಶಿಲೀಂಧ್ರನಾಶಕಗಳಿಗೆ ಅದು ಜಗ್ಗುವುದಿಲ್ಲ. ಅಂಗಡಿಯವರು ಕೊಟ್ಟದ್ದನ್ನು ತಂದು ಹೊಡೆಯುವ ಮೊದಲು, ಒಣಗಿದ ತೊಗಟೆ ಮತ್ತು ಹಸಿ ತೊಗಟೆ ಕೂಡುವ ಅಂಚಿನ ಒಂದು ತುಂಡು ತೆಗೆಯಿರಿ. ಕಾಗದದಲ್ಲಿ ಸುತ್ತಿ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ. ಪ್ಲಾಸ್ಟಿಕ್ ಕವರ್ ಬೇಡ. ಒಳಗೆ ಬೆವತು ಬೇರೆ ಬೂಷ್ಟು ಹತ್ತಿಬಿಡುತ್ತದೆ. ನಮಸ್ಕಾರ.