ಮೊದಲು ಪಾರ್, ಆಮೇಲೆ ಉಳಿದದ್ದು

ನಮಸ್ಕಾರ. ಟಿವಿಯಲ್ಲಿ ಗಾಲ್ಫ್ ಬಂದ ಕೂಡಲೇ ಚಾನೆಲ್ ಬದಲಿಸುವವರು ಬಹಳ ಜನ. ಯಾಕೆ ಅಂದರೆ, "ಬರ್ಡಿ, ಬೋಗಿ ಅಂತಾರೆ, ಒಂದೂ ತಲೆಗೆ ಹೋಗಲ್ಲ" ಅನ್ನುತ್ತಾರೆ. ಒಂದೇ ಒಂದು ಪದ ಕಲಿಯಿರಿ, ಸಾಕು. ಪಾರ್.

ಪೂರ್ತಿ ಆಟಕ್ಕೆ 18 ಹೋಲ್‌ಗಳು. ಹೋಲ್ ಅಂದರೆ ಬರೀ ಕುಳಿ ಅಲ್ಲ, ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಇಡೀ ಹಾದಿ. ನುರಿತ ಆಟಗಾರ ಎಷ್ಟು ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಬೇಕು ಅಂತ ಪ್ರತಿ ಹೋಲ್‌ಗೂ ಮೊದಲೇ ಗೊತ್ತು ಮಾಡಿರುತ್ತಾರೆ. ಅದೇ ಪಾರ್. ಸಾಮಾನ್ಯವಾಗಿ 3, 4 ಅಥವಾ 5. ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ. ಎರಡು ಕಡಿಮೆಯಾದರೆ ಈಗಲ್. ಮೂರು ಕಡಿಮೆಯಾದರೆ ಆಲ್ಬಟ್ರಾಸ್. ಒಂದು ಜಾಸ್ತಿಯಾದರೆ ಬೋಗಿ. ರೈಲು ಬೋಗಿ ಅಲ್ಲ, ದಯವಿಟ್ಟು! ಕ್ರಿಕೆಟ್ ನೋಡಿದವರಿಗೆ ಇಲ್ಲೇ ಗೊಂದಲ. ಇಲ್ಲಿ ಲೆಕ್ಕ ಕಡಿಮೆ ಇದ್ದವನೇ ಮುಂದೆ.

ಆಲ್ಬಟ್ರಾಸ್ ಅಂದೆನಲ್ಲ, ಅದರ ಕಥೆ ಹೇಳಲೇಬೇಕು. 1935, ಅಮೆರಿಕದ ಅಗಸ್ಟಾ, ಈಗ ಮಾಸ್ಟರ್ಸ್ ಅನ್ನುವ ಗಾಲ್ಫ್ ಟೂರ್ನಿಯ ಕೊನೆಯ ಸುತ್ತು. ಕ್ರೇಗ್ ವುಡ್ ಆಟ ಮುಗಿಸಿ ಕೂತಿದ್ದ. ಗೆದ್ದೇ ಬಿಟ್ಟ ಅಂತ ಎಲ್ಲರ ಲೆಕ್ಕ. ಜೀನ್ ಸಾರಾಜೆನ್ ಇನ್ನೂ 15ನೇ ಹೋಲ್‌ನಲ್ಲಿದ್ದ, ಮೂರು ಹೊಡೆತ ಹಿಂದೆ. ಆ ಹೋಲ್‌ನ ಪಾರ್ 5. ಮೊದಲ ಹೊಡೆತ ಆಯಿತು. ಕುಳಿ ಇನ್ನೂ ಸುಮಾರು 235 ಗಜ ದೂರ, ನಡುವೆ ನೀರು. ಸಾರಾಜೆನ್ ದೂರದ ಹೊಡೆತಕ್ಕೆ ಬಳಸುವ ಗಾಲ್ಫ್ ಕೋಲು ಎತ್ತಿಕೊಂಡು ಬೀಸಿದ. ಚೆಂಡು ನೀರು ದಾಟಿತು, ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನ ಮೇಲೆ ಉರುಳಿತು, ನೇರ ಕುಳಿಗೆ! ಐದರ ಜಾಗದಲ್ಲಿ ಎರಡೇ. ಮೂರು ಹೊಡೆತಗಳ ಬಾಕಿ ಒಂದೇ ಏಟಿಗೆ ತೀರಿತು. ಉಳಿದ ಮೂರೂ ಹೋಲ್‌ಗಳಲ್ಲಿ ಪಾರ್ ಮಾಡಿ ಸಮ ಮಾಡಿಕೊಂಡ. ಮರುದಿನ ಇಬ್ಬರಿಗೇ ಮತ್ತೆ 36 ಹೋಲ್‌ಗಳ ಆಟ, ಐದು ಹೊಡೆತಗಳ ಅಂತರದಲ್ಲಿ ಗೆದ್ದ. ಪಾರ್ ಗೊತ್ತಿಲ್ಲದವರಿಗೆ ಇದು ಸುಮ್ನೆ ಒಂದು ದೂರದ ಹೊಡೆತ, ಅಲ್ವಾ? ಅದಕ್ಕೇ ಹೇಳುತ್ತಿರುವುದು, ಮೊದಲು ಪಾರ್ ಕಲಿಯಿರಿ.

ಅಯ್ಯೋ, ಸಮಯ ಓಡುತ್ತಿದೆ. ಬೇಗ ಹೇಳಿಬಿಡುತ್ತೇನೆ. ಆಟ ಶುರುವಾಗುವ ಜಾಗ ಟೀ. ನಡುವಿನ ಒಪ್ಪವಾದ ಹುಲ್ಲು ಫೇರ್‌ವೇ, ಅದರಾಚೆಯ ಒರಟು ಹುಲ್ಲು ರಫ್. ಮರಳು ತುಂಬಿದ ತಗ್ಗು ಬಂಕರ್. ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವುದು ಪಟ್. ಪಾರ್ ಲೆಕ್ಕದಲ್ಲಿ ಎರಡು ಪಟ್ ಸೇರಿಯೇ ಇರುತ್ತವೆ. ನೋಡಿ, ಇಲ್ಲೂ ಪಾರ್! ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ, ಆ ವಿಷಯ ಇನ್ನೊಂದು ದಿನ ಹೇಳುತ್ತೇನೆ.

ಕೊನೆಗೊಂದು ಪದ. ಮೈದಾನದಲ್ಲಿ ಯಾರಾದರೂ "ಫೋರ್!" ಅಂತ ಕೂಗಿದರೆ ಅದು ಬೌಂಡರಿ ಅಲ್ಲ. ಚೆಂಡು ನಿಮ್ಮ ಕಡೆ ಬರುತ್ತಿದೆ ಅಂತ. ತಿರುಗಿ ನೋಡಬೇಡಿ, ತಲೆಗೆ ಕೈ ಅಡ್ಡ ಹಿಡಿದು ಬಗ್ಗಿಬಿಡಿ.