ಮಸಾಯಿ ಮಾರಾದಲ್ಲಿ ರಣಹದ್ದಿನ ಹತ್ರ ನಿಂತಾಗ

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಬೆಳಗ್ಗೆ ಇಷ್ಟು ಜನ ಬಂದಿದೀರ, ತುಂಬಾ ಖುಷಿಯಾಯ್ತು. ಮಸಾಯಿ ಮಾರಾ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಸಿಂಹ, ಚೀತಾ, ನದಿ ದಾಟೋ ವೈಲ್ಡ್‌ಬೀಸ್ಟ್ ಹಿಂಡು, ಟೀವಿಲಿ ನೋಡಿ ನೋಡಿ ತಲೇಲಿ ಹಂಗೇ ಕೂತ್ಬಿಟ್ಟಿದೆ. ಆದ್ರೆ ಆ 1,510 ಚದರ ಕಿಲೋಮೀಟರ್ ಜಾಗದಲ್ಲಿ 450ಕ್ಕೂ ಹೆಚ್ಚು ಜಾತಿ ಹಕ್ಕಿಗಳಿವೆ. ನಾನು ಹೋಗಿದ್ದು ಅವುಗಳಿಗೋಸ್ಕರ. ಇವತ್ತು ಅದ್ರಲ್ಲೂ ಒಂದು ಹಕ್ಕಿ ಬಗ್ಗೆ, ಅಂದ್ರೆ ರಣಹದ್ದಿನ ಬಗ್ಗೆ, ಸ್ವಲ್ಪ ಜಾಸ್ತಿ ಮಾತಾಡ್ತೀನಿ.

ಮೊದಲು ಜಾಗದ ಬಗ್ಗೆ ಒಂದೆರಡು ಮಾತು. ಕೀನ್ಯಾದ ನೈಋತ್ಯ ಮೂಲೇಲಿದೆ, ದಕ್ಷಿಣಕ್ಕೆ ತಾಂಜೇನಿಯಾದ ಸೆರೆಂಗೆಟಿ, ಮಧ್ಯೆ ಬೇಲಿಗೀಲಿ ಏನೂ ಇಲ್ಲ. ಸಮಭಾಜಕದ ಹತ್ರ ಅಲ್ವಾ, ಸೆಕೆ ಇರುತ್ತೆ ಅಂತ ಅನ್ಕೋಬೇಡಿ, ಸಮುದ್ರಮಟ್ಟದಿಂದ 1,500 ಮೀಟರ್ ಮೇಲಿದೆ, ಬೆಳಗ್ಗೆ ಜೀಪಲ್ಲಿ ಕೂತ್ರೆ ಸ್ವೆಟರ್ ಬೇಕೇ ಬೇಕು. ನಮ್ಮ ಕಡೆ ಕೆರೆ ಏರಿ ಮೇಲೆ ನಡ್ಕೊಂಡು ಹೋಗಿ ಹಕ್ಕಿ ನೋಡ್ತೀವಲ್ಲ, ಅಲ್ಲಿ ಅದಾಗಲ್ಲ, ಗಾಡಿಯಿಂದ ಇಳಿಯೋ ಹಂಗಿಲ್ಲ. ಬೇಜಾರು ಮಾಡ್ಕೋಬೇಡಿ, ಗಾಡಿಗೆ ಹಕ್ಕಿಗಳು ಹೆದರೋದು ಕಮ್ಮಿ, ಇಂಜಿನ್ ಆಫ್ ಮಾಡಿ ಸುಮ್ನೆ ಕೂತ್ರೆ ಬೈನಾಕ್ಯುಲರ್ ಕೆಳಗಿಟ್ಟು ಬರೀ ಕಣ್ಣಲ್ಲೇ ನೋಡಬಹುದು.

ಮೊದಲ ದಿನ ನಂಗೆ ಹಂಗೇ ಸಿಕ್ಕಿದ್ದು ಲೈಲಾಕ್ ಬ್ರೆಸ್ಟೆಡ್ ರೋಲರ್. ನಮ್ಮ ರಾಜ್ಯಪಕ್ಷಿ ನೀಲಕಂಠ ಇದ್ಯಲ್ಲ, ಅದರ ದಾಯಾದಿ. ಒಂದು ಒಣಗಿದ ಮುಳ್ಳುಕೊಂಬೆ ಮೇಲೆ ಕೂತಿತ್ತು, ಎದೆ ನೇರಳೆ, ಹೊಟ್ಟೆ ತಿಳಿನೀಲಿ, ಬಾಲದಲ್ಲಿ ಎರಡು ತೆಳ್ಳನೆ ಉದ್ದ ಗರಿ, ಪಟ್ ಅಂತ ಹುಲ್ಲಿಗೆ ಇಳಿದು ಮಿಡತೆ ಹಿಡ್ಕೊಂಡು ಬಂದು ಅದೇ ಕೊಂಬೆಗೆ ಆ ಕಡೆ ಈ ಕಡೆ ಚಚ್ಚಿ ನುಂಗಿತು. ರೆಕ್ಕೆ ಬಿಚ್ಚಿದಾಗ ಆ ನೀಲಿ, ಅದನ್ನ ನೋಡಿ ಊರಲ್ಲಿ ಕರೆಂಟ್ ಕಂಬದ ತಂತಿ ಮೇಲೆ ಕೂರೋ ನೀಲಕಂಠ ನೆನಪಾಗಿ ಕಣ್ಣು ತುಂಬ್ಕೊಂಡ್ತು.

ಆಮೇಲೆ ಕೋರಿ ಬಸ್ಟರ್ಡ್, ಹಾರೋ ಹಕ್ಕಿಗಳಲ್ಲೇ ಅತಿ ಭಾರದ್ದು ಅಂತಾರೆ, ದೊಡ್ಡ ಗಂಡು 18 ಕೆಜಿವರೆಗೂ ತೂಗುತ್ತೆ. ನಮ್ಮ ಎರೆಭೂತದ, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ ಸಂಬಂಧಿ ಇದು. ನಮ್ಮಲ್ಲಿ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳ್ಕೊಂಡು, ಒಂದು ಕಂಡ್ರೆ ಸುದ್ದಿಯಾಗೋ ಪರಿಸ್ಥಿತಿ, ಅಲ್ಲಿ ಅದರ ನೆಂಟ ಹುಲ್ಲಲ್ಲಿ ಗಂಭೀರವಾಗಿ ನಡ್ಕೊಂಡು ಹೋಗ್ತಿತ್ತು. ಸೆಕ್ರೆಟರಿ ಬರ್ಡ್ ಕೂಡ ನೋಡಿದ್ವಿ, ಉದ್ದ ಕಾಲು, ಹಾವನ್ನ ಒದ್ದು ಒದ್ದು ಸಾಯಿಸುತ್ತೆ, ಅದರ ಒದೆತದ ಬಲ ಅದರ ಮೈತೂಕದ ಐದು ಪಟ್ಟು ಅಂತ ಅಳೆದು ನೋಡಿದಾರೆ.

ಈಗ ರಣಹದ್ದಿಗೆ ಬರ್ತೀನಿ. ಮೂರನೇ ದಿನ, ಒಂಬತ್ತೂವರೆ ಇರಬೇಕು. ಬೆಳಗ್ಗೆಯಿಂದ ಮರದ ಮೇಲೆ ರೆಕ್ಕೆ ಬಿಚ್ಕೊಂಡು ಬಿಸಿಲು ಕಾಯಿಸ್ತಾ ಕೂತಿದ್ವು, ಅಷ್ಟು ಭಾರದ ಹಕ್ಕಿ ನೋಡಿ, ನೆಲ ಕಾದು ಬಿಸಿಗಾಳಿ ಏಳೋವರೆಗೂ ಹಾರೋಕೆ ಕಷ್ಟ. ಗಾಳಿ ಎದ್ದ ಮೇಲೆ ಒಂದೊಂದೇ ಸುತ್ತು ಹಾಕ್ತಾ ಮೇಲಕ್ಕೆ ಹೋದ್ವು. ಸ್ವಲ್ಪ ಹೊತ್ತಿಗೆ ಒಂದು ನೆಟ್ಟಗೆ ಕೆಳಗಿಳೀತು, ಅದನ್ನ ದೂರದ ಇನ್ನೊಂದು ನೋಡ್ತು, ಅದನ್ನ ಮತ್ತೊಂದು, ಹಂಗೇ ಹತ್ತು ನಿಮಿಷದಲ್ಲಿ ನಲವತ್ತು ಐವತ್ತು. ಸತ್ತ ವೈಲ್ಡ್‌ಬೀಸ್ಟ್ ಒಂದು ಬಿದ್ದಿತ್ತು. ಅಲ್ಲೊಂದು ವ್ಯವಸ್ಥೆ ಇದೆ, ಒಂದೊಂದು ಜಾತಿ ರಣಹದ್ದಿಗೆ ಒಂದೊಂದು ಕೆಲಸ. ಲ್ಯಾಪೆಟ್ ಫೇಸ್ಡ್ ಅನ್ನೋದು ಬಲವಾದ ಕೊಕ್ಕಲ್ಲಿ ದಪ್ಪ ಚರ್ಮ ಹರಿಯುತ್ತೆ, ಬಿಳಿಬೆನ್ನಿನದು ಮತ್ತೆ ರೂಪೆಲ್ಸ್ ಉದ್ದ ಕತ್ತನ್ನ ಒಳಗೆ ಹಾಕಿ ಮೆತ್ತನೆ ಮಾಂಸ ತಿನ್ನುತ್ತೆ, ಸಣ್ಣ ಕೊಕ್ಕಿನ ಹೂಡೆಡ್ ಸುತ್ತ ಓಡಾಡ್ತಾ ಬಿದ್ದ ಚೂರು ಆರಿಸ್ಕೊಳ್ಳುತ್ತೆ. ಗಾಡಿ ಒಳಗೆ ಕೂತವರಿಗೆ ಮೂಳೆ ಮುರಿಯೋ ಸದ್ದು ಕೇಳ್ತಿತ್ತು. ನಮ್ಮ ಹಿಂದೆ ಬಂದ ಎರಡು ಗಾಡಿ "ಸಿಂಹ ಇಲ್ವಾ" ಅಂತ ಕೇಳಿ ಹೊರಟು ಹೋದ್ವು. ನಂಗೆ ತುಂಬಾ ನೋವಾಯ್ತು.

ಯಾಕಂದ್ರೆ ಮಾರಾ ನದಿ ದಾಟೋವಾಗ ವರ್ಷಕ್ಕೆ ಸರಾಸರಿ 6 ಸಾವಿರಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಮುಳುಗಿ ಸಾಯ್ತವೆ, ದಡದಲ್ಲಿ ಸೇರೋ ರಣಹದ್ದು, ಮರಬು ಕೊಕ್ಕರೆಗಳು ಅವನ್ನ ತಿಂದು ಅದರ ಸತ್ವನ ಕಾಡಿಗೆ ವಾಪಸ್ ಒಯ್ಯುತ್ತವೆ. ಅಂಥ ಹಕ್ಕಿ ಕಮ್ಮಿ ಆಗ್ತಿದೆ. 2015ರಲ್ಲಿ ಬಿಳಿಬೆನ್ನಿನದು, ರೂಪೆಲ್ಸ್, ಹೂಡೆಡ್ ಮೂರನ್ನೂ ಅಳಿವಿನ ಅಂಚಿಗೆ ಬಂದಿರೋ ಪಟ್ಟಿಗೆ ಸೇರಿಸಿದ್ರು. ದೊಡ್ಡ ಕಾರಣ ವಿಷ. ರಾತ್ರಿ ಸಿಂಹ ಬಂದು ದನ ಹಿಡಿಯುತ್ತೆ, ದನ ಅಂದ್ರೆ ಅಲ್ಲಿನ ದನಗಾಹಿ ಮಸಾಯಿ ಕುಟುಂಬಕ್ಕೆ ಆಸ್ತಿ, ಮಕ್ಕಳ ಸ್ಕೂಲ್ ಫೀಸ್, ಎಲ್ಲಾ ಅದೇ, ಆ ಸಿಟ್ಟಲ್ಲಿ ಯಾರೋ ಒಬ್ಬರು ಉಳಿದ ಹೆಣಕ್ಕೆ ಕಾರ್ಬೋಫ್ಯುರಾನ್ ಥರದ ಕೀಟನಾಶಕ ಉದುರಿಸ್ತಾರೆ. ಗುರಿ ಸಿಂಹ. ಆದ್ರೆ ಒಂದನ್ನೊಂದು ನೋಡಿ ಇಳಿಯೋ ಹಕ್ಕಿ ಅಂದ್ನಲ್ಲ, ಆ ಗುಣನೇ ಅವಕ್ಕೆ ಮುಳುವಾಗುತ್ತೆ, ಒಂದೇ ಹೆಣದ ಹತ್ರ ಹತ್ತಾರು, ಕೆಲವು ಸಲ ನೂರಾರು ಸಾಯ್ತವೆ. 2019ರಲ್ಲಿ ಬೋಟ್ಸ್ವಾನದಲ್ಲಿ ಬೇಟೆಗಾರರು ಆನೆ ಹೆಣಕ್ಕೆ ವಿಷ ಹಾಕಿ ಒಂದೇ ಘಟನೇಲಿ 537 ರಣಹದ್ದು ಹೋದ್ವು. ಆಕಾಶದಲ್ಲಿ ರಣಹದ್ದು ಸುತ್ತಿದ್ರೆ ಗಾರ್ಡ್‌ಗಳಿಗೆ ಗೊತ್ತಾಗುತ್ತೆ ಅಂತ ಬೇಕಂತಲೇ ಹಂಗೆ ಸಾಯಿಸ್ತಾರೆ. ಇವು ಒಂದು ಸಲಕ್ಕೆ ಇಡೋದು ಒಂದೇ ಮೊಟ್ಟೆ, ಹೋದದ್ದು ತುಂಬಿ ಬರೋಕೆ ಎಷ್ಟು ವರ್ಷ ಬೇಕು ಲೆಕ್ಕ ಹಾಕಿ.

ನಮಗೆ ಈ ಕಥೆ ಹೊಸದಲ್ಲ. ದನಕ್ಕೆ ಕೊಡ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿಯಿಂದ, ಆ ದನ ಸತ್ತಾಗ ಅದರ ಹೆಣ ತಿಂದು, 1992ರಿಂದ 2007ರ ಒಳಗೆ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕಿಂತ ಜಾಸ್ತಿ ಹೊರಟೋಯ್ತು. 2006ರಲ್ಲಿ ಆ ಔಷಧಿ ನಿಲ್ಲಿಸೋ ಹೊತ್ತಿಗೆ ಹಳ್ಳಿ ಹೊರಗಿನ ಮರಗಳು ಖಾಲಿ. ರಾಮನಗರದ ರಾಮದೇವರ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಮಾಡಿದ್ರೂ ಅಲ್ಲಿ ಈಗ ಕಾಣೋದು ಬೆರಳೆಣಿಕೆ. ಐವತ್ತು ಒಟ್ಟಿಗೆ ಇಳಿಯೋದನ್ನ ನಮ್ಮ ಅಜ್ಜ ನೋಡಿದ್ರು, ನಾನು ಅದನ್ನ ನೋಡೋಕೆ ಆಫ್ರಿಕಾಗೆ ಹೋಗ್ಬೇಕಾಯ್ತು.

ಅಲ್ಲಿ ಕೆಲಸನೂ ನಡೀತಿದೆ. ದನದ ದೊಡ್ಡಿ, ಬೋಮಾ ಅಂತಾರೆ, ಅದರ ಮುಳ್ಳುಬೇಲಿ ಬದಲು ಗಟ್ಟಿ ತಂತಿಬಲೆ ಹಾಕಿದ್ರೆ ಸಿಂಹ ಒಳಗೆ ನುಗ್ಗೋದು ಕಮ್ಮಿ, ದನ ಸಾಯದಿದ್ರೆ ವಿಷದ ಮಾತೇ ಬರಲ್ಲ. ನಂಗೆ ಇದು ತುಂಬಾ ಸರಿ ಅನ್ಸುತ್ತೆ, ಹಕ್ಕಿ ಉಳಿಸೋ ಕೆಲಸ ದೊಡ್ಡಿ ಬಾಗಿಲಿಂದ ಶುರುವಾಗೋದು.

ನಿಮ್ಮಲ್ಲಿ ಯಾರಾದ್ರೂ ಹೋಗೋರಿದ್ರೆ ಒಂದು ಮಾತು, ಮೊದಲ ದಿನವೇ ಗೈಡ್‌ಗೆ ಹೇಳ್ಬಿಡಿ, ನಮಗೆ ಹಕ್ಕಿ ಬೇಕು, ರಣಹದ್ದು ಇಳಿಯೋದು ಕಂಡ್ರೆ ಗಾಡಿ ನಿಲ್ಸಿ ಅಂತ. ಅವರ ಮುಖ ಅರಳುತ್ತೆ, ನಾನು ನೋಡಿದೀನಿ. ಸರಿ, ಈಗ ಹಿಂದಿನ ಲೈಟ್ ಆಫ್ ಮಾಡಿ, ಮೊದಲ ಫೋಟೋ ಆ ಮಿಡತೆ ಹಿಡಿದ ರೋಲರ್‌ದು.