ಸುಗ್ರೀವನ ಗಡುವು

ಸ್ನೇಹಿತರೆ, ಈ ಸಭೆಯಲ್ಲಿ ವಕೀಲರೇ ಹೆಚ್ಚು. ಹಾಗಾಗಿ ಸಂವಿಧಾನದ 213ನೇ ವಿಧಿಯನ್ನು ಓದಿ ಹೇಳುವ ಉದ್ಧಟತನ ಮಾಡುವುದಿಲ್ಲ. ನನ್ನದು ಒಂದೇ ತಕರಾರು. ಆರ್ಡಿನೆನ್ಸಿಗೆ, ಅಂದರೆ ಸದನ ನಡೆಯದಿದ್ದಾಗ ತುರ್ತಿಗೆಂದು ರಾಜ್ಯಪಾಲರು ಹೊರಡಿಸುವ ಕಾನೂನಿಗೆ, ನಾವು ಸುಗ್ರೀವಾಜ್ಞೆ ಅಂತ ಹೆಸರಿಟ್ಟೆವು. ಮೀರಿದರೆ ತಲೆ ಹೋಗುತ್ತದೆ ಅನ್ನುವುದು ನೆನಪಿದೆ. ಆದರೆ ಸುಗ್ರೀವ ಆ ಆಜ್ಞೆಗೆ ಒಂದು ತಿಂಗಳ ಗಡುವು ಹಾಕಿದ್ದ, ಅದು ಮರೆತುಹೋಗಿದೆ! ಗಡುವು ಕಳೆಯಿತು ಅಂತ ಪಾಪ ಅಂಗದ ಸಮುದ್ರದ ದಂಡೆಯಲ್ಲಿ ಪ್ರಾಣ ಬಿಡಲು ಕೂತ. ನಮ್ಮ ಸರ್ಕಾರಗಳು ಅಂಥ ಹುಚ್ಚು ಮಾಡುವುದಿಲ್ಲ, ಇನ್ನೊಂದು ಆಜ್ಞೆ ಹೊರಡಿಸುತ್ತವೆ.

ಸದನ ಸೇರಿದ ಮೇಲೆ ಆರು ವಾರ, ಸುಗ್ರೀವಾಜ್ಞೆಗೆ ಅಷ್ಟೇ ಆಯಸ್ಸು. ಎರಡು ಅಧಿವೇಶನಗಳ ನಡುವೆ ಹೆಚ್ಚೆಂದರೆ ಇರಬಹುದಾದ ಆರು ತಿಂಗಳು ಸೇರಿಸಿದರೂ ಏಳೂವರೆ ತಿಂಗಳು ದಾಟುವುದಿಲ್ಲ. ಬಿಹಾರದಲ್ಲಿ ಕಬ್ಬಿನ ಒಂದು ಸುಗ್ರೀವಾಜ್ಞೆ ಹತ್ತಿರಹತ್ತಿರ 14 ವರ್ಷ ಬದುಕಿತು. ರೈತರ ಮಕ್ಕಳಿಗೆ ಗೊತ್ತು, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬನ್ನೂ ಮೂರ್ನಾಲ್ಕು ವರ್ಷಕ್ಕೆ ಕಿತ್ತು ಹಾಕುತ್ತೇವೆ. ಇದು 14 ವರ್ಷದ ಕೂಳೆ!

ಇದನ್ನು ಲೆಕ್ಕ ಹಾಕಿದವರು ಪುಣೆಯ ಗೋಖಲೆ ಸಂಸ್ಥೆಯ ಪ್ರಾಧ್ಯಾಪಕ ಡಿ.ಸಿ. ವಾಧ್ವಾ. ಈ ಕಥೆ ನನ್ನಿಂದ ಮೊದಲೇ ಕೇಳಿದವರು ಕ್ಷಮಿಸಿ. 1967ರಿಂದ 1981ರ ತನಕ 256 ಸುಗ್ರೀವಾಜ್ಞೆಗಳು. ಅಧಿವೇಶನ ಮುಗಿಯುತ್ತಲೇ ಇಲಾಖೆಗಳಿಗೆ ಸುತ್ತೋಲೆ ಹೋಗುತ್ತಿತ್ತು: ನಿಮ್ಮ ನಿಮ್ಮ ಸುಗ್ರೀವಾಜ್ಞೆಗಳನ್ನು ಮತ್ತೆ ಹೊರಡಿಸಿಕೊಳ್ಳಿ. ಸದನ ಎದುರಿಗೇ ಕೂತಿದ್ದಾಗ ಮಸೂದೆ ತರಲು ತೋಚಲಿಲ್ಲ, ಸದಸ್ಯರು ಊರು ಸೇರುತ್ತಲೇ ತುರ್ತು ಬಂತು! ವಾಧ್ವಾ ಸುಪ್ರೀಂ ಕೋರ್ಟಿಗೆ ಹೋದರು. ಪುಣೆಯವರಿಗೆ ಬಿಹಾರದ ಉಸಾಬರಿ ಯಾಕೆ ಅನ್ನುವ ಪ್ರಶ್ನೆ ಬಂತು. ಸಂವಿಧಾನದ ಪ್ರಕಾರ ಮಾಡಿದ ಕಾನೂನೇ ಬೇಕು ಎನ್ನುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆ ಎಂದಿತು ಮುಖ್ಯ ನ್ಯಾಯಮೂರ್ತಿ ಭಗವತಿಯವರ ಪೀಠ. 1986ರ ಡಿಸೆಂಬರ್ 20ರ ಆ ತೀರ್ಪು ಈ ಪರಿಪಾಠವನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. ವಾಧ್ವಾ ಪಟ್ಟ ಶ್ರಮಕ್ಕೆ 10,000 ರೂಪಾಯಿ ಕೊಡಿಸಿತು.

ಒಂದು ಕಿಂಡಿಯನ್ನೂ ಬಿಟ್ಟಿತು: ಸದನಕ್ಕೆ ಮೈತುಂಬ ಕೆಲಸವಿದ್ದು ಸಮಯವೇ ಸಿಗದಿದ್ದರೆ ಬೇರೆ ಮಾತು, ಅಂತ. ನಮ್ಮ ಸದನಗಳಿಗೆ ಮೈತುಂಬ ಕೆಲಸ? ಇರಲಿ ಬಿಡಿ.

ತುರ್ತು ಸುಳ್ಳೇ ಅಂತ ನಾನು ಹೇಳುತ್ತಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದಲ್ಲೇ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ ಸಹಿ ಹಾಕಿದರು. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ನಿಂತಾಗ ಅಧಿವೇಶನಕ್ಕೆ ಕಾಯಿರಿ ಅನ್ನಲಾದೀತೆ? ಮಾರ್ಚ್‌ನಲ್ಲಿ ಅದೇ ವಿಷಯ ಮಸೂದೆಯಾಗಿ ಸದನಕ್ಕೆ ಬಂತು. ಗಡುವಿನೊಳಗೆ. ನಾನು ಕೇಳುವುದೂ ಅಷ್ಟೇ.

ಚೀಟಿ ಬಂದಿದೆ, ಎರಡೇ ನಿಮಿಷವಂತೆ. ಮಸೂದೆ ಮಂಡಿಸಿದ ದಿನವೇ ಗದ್ದಲದಲ್ಲಿ ಪಾಸು ಮಾಡುವ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಅದು ಇನ್ನೊಮ್ಮೆ. 2017ರ ಏಳು ನ್ಯಾಯಮೂರ್ತಿಗಳ ತೀರ್ಪನ್ನು ಮಾತ್ರ ಬಿಡಲಾರೆ. ಮತ್ತೆ ಬಿಹಾರವೇ. ಸಂಸ್ಕೃತ ಶಾಲೆಗಳನ್ನು ಸರ್ಕಾರ ವಹಿಸಿಕೊಳ್ಳುತ್ತದೆ ಅಂತ 1989ರಿಂದ ಒಂದರ ಹಿಂದೊಂದು ಸುಗ್ರೀವಾಜ್ಞೆ ಬಂದವು, ಒಂದನ್ನೂ ಸದನದ ಮುಂದೆ ಇಡಲಿಲ್ಲ. 1992ರಲ್ಲಿ ಸರಪಣಿ ಕಳಚಿತು. ನಾವು ಸರ್ಕಾರಿ ನೌಕರರೇ ಅಂತ ಮೇಷ್ಟರುಗಳು ಕಾಲು ಶತಮಾನ ಕೋರ್ಟು ಅಲೆದರು. ಸದನದ ಮುಂದೆ ಇಡದ ಆಜ್ಞೆಯಿಂದ ನಿಮಗೆ ಯಾವ ಹಕ್ಕೂ ಹುಟ್ಟಲಿಲ್ಲ ಎಂದಿತು ನ್ಯಾಯಾಲಯ. ವಂಚಿಸಿದ್ದು ಸರ್ಕಾರ, ಸರ್ಕಾರಿ ನೌಕರಿ ಕಳೆದುಕೊಂಡವರು ಮೇಷ್ಟರುಗಳು.

ಆಯಿತು, ಅಧ್ಯಕ್ಷರೆ, ಮೈಕು ಬಿಡುತ್ತೇನೆ.